ಫತೇಗಂಜಿನಲ್ಲೊಂದು ಚಾತುರ್ಮಾಸ್ಯ

ಪಕ್ಕದ ಮನೆಯ ಹುಡುಗಿ ಬಿ.ಕಾಂ. ಓದುತ್ತಾಳೆ. ನಿನ್ನೆ ಸಂಜೆ ತಾನು ಬರೆದ ಒಂದು ಚಿತ್ರ ಹಿಡಿದುಕೊಂಡು ಬಂದಳು. ನಡುವೆ ಒಂದು ಚೌಕ, ಅದರೊಳಗೆ ‘ಸಂಸ್ಥೆ’. ಸುತ್ತಲೂ ಬಣ್ಣದ ವೃತ್ತಗಳು: ಗ್ರಾಹಕರು, ಪ್ರತಿಸ್ಪರ್ಧಿಗಳು, ಸರ್ಕಾರ, ತಂತ್ರಜ್ಞಾನ. ತೀರಾ ಮೂಲೆಯಲ್ಲಿ, ಜಾಗ ಉಳಿಯಿತಲ್ಲ ಎಂದು ಸೇರಿಸಿದ ಹಾಗೆ, ‘ಸಂಸ್ಕೃತಿ’.

“ಸರ್, ಬಿಸಿನೆಸ್ ಎನ್ವಿರಾನ್‌ಮೆಂಟ್ ಅಂದ್ರೆ ಇಷ್ಟೇ ತಾನೆ?” ಎಂದು ಕೇಳಿದಳು. ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡಿಯೇ ತಲೆ ಹಣ್ಣಾದವನು ನಾನು. ಇದೇ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಒರೆಸಿದ್ದೇನೋ. ಸರಿಯಾಗಿದೆ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಮಾತ್ರ ಮೂಗಿಗೆ ಈರುಳ್ಳಿ ಹುರಿಯುವ ವಾಸನೆ ಬಡಿದಂತಾಯಿತು. ನಮ್ಮ ಅಡುಗೆಮನೆಯದಲ್ಲ, ಅರವತ್ತರ ದಶಕದ ವಡೋದರೆಯದು.

ಅಲ್ಲಿನ ಫತೇಗಂಜಿನಲ್ಲಿ ನನ್ನ ಭಾವ ಒಂದು ಪುಟ್ಟ ಉಡುಪಿ ಹೋಟೆಲು ಇಟ್ಟಿದ್ದರು. ನಾನು ಅಲ್ಲಿಯೇ ಕಾಮರ್ಸ್ ಓದಲು ಹೋಗಿ ಅಕ್ಕ ಭಾವನ ಮನೆಯಲ್ಲಿ ಉಳಿದಿದ್ದೆ. ನಾವು ಕುಂದಾಪುರದ ಕಡೆಯವರು. ನಮ್ಮಲ್ಲಿ ಆಗ ಹೋಟೆಲಿನವನನ್ನು ಮದುವೆಯಾಗುವುದೆಂದರೆ ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಗಂಡನನ್ನು ಮದುವೆಯಾಗುವುದು ಎಂದೇ ಅರ್ಥ. ವಡೋದರೆಗೆ ಬರುವ ಮೊದಲು ಭಾವ ಮುಂಬಯಿಯಲ್ಲಿ ತಮ್ಮ ಅಣ್ಣನ ಹೋಟೆಲಿನ ಗಲ್ಲೆಯಲ್ಲಿ ಕೂತು, ಕೆಲಸದವರ ಜೊತೆ ಅಟ್ಟದ ಮೇಲೆ ಮಲಗುತ್ತಿದ್ದರು. ಪದ್ಮಕ್ಕ ಊರಿನಲ್ಲಿ ಅತ್ತೆಯ ಮನೆಯ ದೊಡ್ಡ ಸಂಸಾರದಲ್ಲಿ ಬೇಯುತ್ತಿದ್ದಳು. ಸ್ವಂತ ಹೋಟೆಲು ಹಾಕಿದ ಮೇಲೆಯೇ ಗಂಡಹೆಂಡಿರು ಒಂದು ಸೂರಿನಡಿ ಬಂದದ್ದು. ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿ ಅಕ್ಕ ಗುನುಗುತ್ತ ಕೆಲಸ ಮಾಡುವುದನ್ನು ನಾನು ಮೊದಲ ಬಾರಿ ಕೇಳಿದೆ.

ಬೇಸಿಗೆಯಲ್ಲಿ ಹೋಟೆಲು ಚೆನ್ನಾಗಿಯೇ ನಡೆಯಿತು. ವಿಶ್ವವಿದ್ಯಾಲಯದ ಹುಡುಗರು ಬರುತ್ತಿದ್ದರು. ಸಂಜೆ ಸುತ್ತಲಿನ ಬೀದಿಗಳ ಗುಜರಾತಿ ಸಂಸಾರಗಳು ಮಕ್ಕಳುಮರಿ ಸಮೇತ ಬಂದು ಮಸಾಲೆ ದೋಸೆಯ ಉದ್ದ ನೋಡಿ ನಗುತ್ತ ತಿನ್ನುತ್ತಿದ್ದವು. ಮಳೆ ಹಿಡಿದದ್ದೇ ತಡ, ಸಂಸಾರಗಳು ನಾಪತ್ತೆ. ಹುಡುಗರಿಗೆ ಹಾಸ್ಟೆಲಿನ ಊಟವಿತ್ತು. ಅವರನ್ನೇ ನಂಬಿ ಒಲೆ ಹಚ್ಚುವಂತಿರಲಿಲ್ಲ.

ಭಾವನಿಗೆ ಎದುರುಗಡೆ ಹೊಸದಾಗಿ ತೆರೆದ ಫರಸಾಣದ, ಎಂದರೆ ಕುರುಕಲು ತಿಂಡಿಯ, ಅಂಗಡಿಯ ಮೇಲೆ ಗುಮಾನಿ. ಅಲ್ಲಿ ಕಡಲೆಹಿಟ್ಟಿನ ಗಾಂಠಿಯಾ ಕರಿಯುವ ಘಮಕ್ಕೆ ಜನ ತಿರುಗಿದ್ದಾರೆಂದು ಅವರ ಲೆಕ್ಕಾಚಾರ. ಅದಕ್ಕೆ ಪ್ರತಿಯಾಗಿ ಇವರು ಬಾಗಿಲ ಬಳಿಯೇ ಒಲೆ ಹಾಕಿಸಿ, ಬೀದಿಗೆಲ್ಲ ಮೂಗು ತುಂಬುವ ಹಾಗೆ ಈರುಳ್ಳಿ ಹುರಿಸತೊಡಗಿದರು. ಪಲ್ಯಕ್ಕೆ ಆಲೂಗಡ್ಡೆಯೂ ಹೆಚ್ಚಾಯಿತು. ಬರುತ್ತಿದ್ದ ಒಬ್ಬಿಬ್ಬರೂ ನಮ್ಮ ಬದಿಯ ಪಾದಚಾರಿ ದಾರಿ ಬಿಟ್ಟು ಆಚೆ ದಾಟಿಕೊಂಡರು.

“ಕಾಣ್ ಮಾರಾಯ, ಜನ ಎಂತಕ್ಕೆ ಬಪ್ಪುದಿಲ್ಲ ಅಂತ ನಿನ್ನ ಕಾಲೇಜಲ್ಲಿ ಹೇಳಿ ಕೊಡೂದಿಲ್ಯಾ?” ಎಂದು ಭಾವ ಒಂದು ದಿನ ಕೇಳಿದರು.

ಕೇಳಿದ್ದೇ ಸಾಕು, ನಾನು ಉಬ್ಬಿಹೋದೆ. ವ್ಯಾಪಾರವೆಂಬುದು ಗಾಳಿಯಲ್ಲಿ ನಿಂತಿಲ್ಲ, ಹೊರಗಿನ ಶಕ್ತಿಗಳನ್ನು ಪರಿಶೀಲಿಸಬೇಕು ಎಂದು ನಮ್ಮ ಪ್ರೊಫೆಸರು ಆ ವಾರವಷ್ಟೇ ಹೇಳಿದ್ದರು. ಟೆರಿಲೀನ್ ಶರ್ಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಬೀದಿಯ ಮನೆಮನೆಗೂ ಹೋಗಿ ಸಮೀಕ್ಷೆ ಮಾಡಿದೆ. ಸಾಂಬಾರು ಹುಳಿಯೇ? ಖಾರವೇ? ಎಲ್ಲರೂ ಕೂರಿಸಿ ಚಹಾ ಕೊಟ್ಟು, “ಬಹು ಸರಸ್” ಎಂದು ಹೊಗಳಿ ಕಳಿಸಿದರು. ನಮ್ಮ ಹೋಟೆಲು ಬಹಳ ಚೆನ್ನಾಗಿದೆ ಎಂದು ಅಷ್ಟೂ ಮನೆಯವರು ಒಪ್ಪಿದ ಸುದ್ದಿ ತಂದು ಭಾವನಿಗೆ ಒಪ್ಪಿಸಿದೆ. ಅವರು ಖಾಲಿ ಮೇಜುಗಳ ಕಡೆ ನೋಡಿದರು.

ಕೊನೆಗೆ, “ನವರಾತ್ರಿವರೆಗೆ ಕಾಂಬ. ಆಗ್ದಿದ್ರೆ ನಾನ್ ಅಣ್ಣನ ಹೋಟೆಲಿಗೆ ಹೋತೆ, ನೀನ್ ಊರಿಗ್ ಹೋಗ್” ಎಂದರು ಅಕ್ಕನಿಗೆ. ಅವಳು ಹ್ಞೂಂ ಎಂದಳು. ಆ ಮಧ್ಯಾಹ್ನ ಮಂಚದ ಕೆಳಗಿನ ಟ್ರಂಕನ್ನು ಈಚೆಗೆಳೆದು ಧೂಳು ಒರೆಸಿದಳು. ಆಮೇಲೆ ಅವಳ ಗುನುಗು ನಿಂತುಹೋಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ, ಯಾರೂ ತಿನ್ನದೆ ಉಳಿದ ಮಸಾಲೆ ದೋಸೆಯನ್ನು ಮಹಡಿಯ ಮೇಲಿದ್ದ ಮನೆಯೊಡತಿ ಕಾಂತಾಬೆನ್‌ಗೆ ಕೊಡಲು ಹೋದಳು. ಆ ಬೀದಿಯ ಹೆಚ್ಚಿನವರಂತೆ ಅವರೂ ಜೈನರು. ತಟ್ಟೆ ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರಂತೆ. ಕೆಳಗೆ ಭಾವ ಊಟಕ್ಕೆ ಕೂತಿದ್ದರು. ಚಾತುರ್ಮಾಸ್ಯದ ವ್ರತ, ನಮ್ಮ ಮನೆಯಲ್ಲಿ ಈರುಳ್ಳಿ ಎಂದೂ ಒಳಗೆ ಬಂದದ್ದಲ್ಲ, ಆ ತಿಂಗಳು ಮೊಸರೂ ಇಲ್ಲ. ಬರೀ ಅನ್ನ ಸಾರು. ಅಕ್ಕ ದಡದಡ ಮೆಟ್ಟಿಲಿಳಿದು ಬಂದಳು.

“ಹ್ವಾಯ್, ಅವ್ರೂ ಚಾತುರ್ಮಾಸ್ಯ ಮಾಡ್ತ್ರಂಬ್ರು! ಚೋಮಾಸು ಅಂತ್ರು. ನಾಲ್ಕ್ ತಿಂಗ್ಳ್ ನೀರುಳ್ಳಿ ಇಲ್ಲ, ಗಡ್ಡೆ ಇಲ್ಲ, ರಾತ್ರಿ ರುಬ್ಬಿಟ್ಟ ಹಿಟ್ಟೂ ಇಲ್ಲ, ದೀಪ ಹಚ್ಚಿದ್ ಮೇಲೆ ಊಟವೇ ಇಲ್ಲ!”

ಬೇರೆ ತಿಂಗಳುಗಳಲ್ಲಿ ಮಕ್ಕಳ ಹಟಕ್ಕೆ ಒಂದಿಷ್ಟು ಸಡಿಲ ಬಿಡುತ್ತಾರಂತೆ. ಮಳೆಗಾಲದಲ್ಲಿ ಮಾತ್ರ ಇಡೀ ಬೀದಿ ಬಿಗಿ.

ಭಾವನ ಕೈಯ ತುತ್ತು ಅಲ್ಲೇ ನಿಂತಿತು. ತಮ್ಮ ಎಲೆ ನೋಡಿಕೊಂಡರು, ನನ್ನ ಮುಖ ನೋಡಿದರು. “ಅಯ್ಯೋ, ನಾನೇ ತಿಂಬುದಿಲ್ಲ ಅಲ್ದಾ ಅದನ್ನ!” ಎಂದು ಜೋರಾಗಿ ನಗತೊಡಗಿದರು. ಮೂವರೂ ನಕ್ಕೆವು. ಮನೆಯಲ್ಲಿ ವ್ರತ ಹಿಡಿದು, ಮಡಿಯಲ್ಲಿ ಉಂಡು, ಬೀದಿ ದಾಟಿ ಹೋಗಿ ಊರವರಿಗೆ ಈರುಳ್ಳಿ ಹುರಿದು ಕೊಡುತ್ತಿದ್ದವರು ನಾವು. ಹೋಟೆಲಿಗೆ ಬರುವವರಿಗೂ ಮನೆಯೊಂದಿದೆ, ಪಂಚಾಂಗವಿದೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ.

“ನೀರ್ ದೋಸೆ ಮಾಡುವ” ಎಂದಳು ಅಕ್ಕ.

ಭಾವನಿಗೆ ಮೊದಲು ಹಿಡಿಸಲಿಲ್ಲ. ನೀರ್ ದೋಸೆ ಮನೆಯ ತಿಂಡಿ. ಅದನ್ನು ಹೋಟೆಲಿನಲ್ಲಿ ಕೊಟ್ಟರೆ ಅಡುಗೆಯವರೇ ನಗುತ್ತಾರೆಂದು ಅವರ ಅಂಬೋಣ. ಆದರೆ ಅದಕ್ಕೆ ಹಿಟ್ಟು ಹುಳಿ ಬರಬೇಕಿಲ್ಲ. ಬೆಳಿಗ್ಗೆ ಅಕ್ಕಿ ನೆನೆಸಿ ಮಧ್ಯಾಹ್ನ ರುಬ್ಬಿ ಆಗಲೇ ಹೊಯ್ಯಬಹುದು, ಜೊತೆಗೆ ಕಾಯಿಬೆಲ್ಲ. ಗುಜರಾತಿನವರಿಗೆ ಸಿಹಿ ಬೇಡವೆನ್ನಲು ಬರುತ್ತದೆಯೇ? ಈರುಳ್ಳಿ ಸೋಕದ ಕಾವಲಿ ಬೇಕಲ್ಲ ಎಂದಾಗ ಅಕ್ಕ ತನ್ನ ಮನೆಯ ಕಾವಲಿಯನ್ನೇ ಎತ್ತಿಕೊಟ್ಟಳು. ಬಾಗಿಲ ಬಳಿಯ ಒಲೆ ಹಿತ್ತಿಲಿಗೆ ಹೋಯಿತು. ‘ಇಂದೇ ನೆನೆಸಿದ್ದು, ಇಂದೇ ರುಬ್ಬಿದ್ದು, ಸೂರ್ಯ ಮುಳುಗುವ ಮೊದಲು’ ಎಂದು ಗುಜರಾತಿಯಲ್ಲಿ ಹಲಗೆ ಬರೆದವನು ನಾನು. ನನ್ನ ಪದವಿ ಶಿಕ್ಷಣದಿಂದ ಆ ಹೋಟೆಲಿಗೆ ಆದ ಉಪಕಾರ ಅದೊಂದೇ.

ಮೊದಲ ಸಂಜೆ ಬಂದದ್ದು ಕಾಂತಾಬೆನ್‌ರ ಅತ್ತೆ, ಒಬ್ಬರೇ. ಮುದುಕಿ ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಕಾವಲಿಗೆ ಮೂಗು ಒಡ್ಡಿ ನೋಡಿ, ಹಿಟ್ಟಿನ ಪಾತ್ರೆಗೆ ಬಗ್ಗಿ ನೋಡಿ, ಆಮೇಲೆ ಕೂತರು. ತಿಂದರು. “ಸರಸ್” ಎನ್ನಲಿಲ್ಲ. ಇನ್ನೊಂದು ಹಾಕು ಎಂದು ಬೆರಳು ತೋರಿಸಿದರು. ಮರುದಿನ ಸೊಸೆ ಮೊಮ್ಮಕ್ಕಳನ್ನೂ ಮುನಿಗಳ ಪ್ರವಚನ ಕೇಳಲು ಹೋಗುವ ಉಪಾಶ್ರಯದ ಗೆಳತಿಯರನ್ನೂ ಕರೆತಂದರು. ನವರಾತ್ರಿಯ ಹೊತ್ತಿಗೆ ಬಿಸಿಲಿರುವಾಗಲೇ ಬಾಗಿಲಲ್ಲಿ ಜನ ಕಾಯುತ್ತಿದ್ದರು. ಅಕ್ಕ ಟ್ರಂಕನ್ನು ಕಾಲಿನಲ್ಲೇ ಮಂಚದ ಕೆಳಕ್ಕೆ ತಳ್ಳಿದಳು.

ಈ ಕತೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳಿದ್ದೇನೆ. ಗ್ರಾಹಕರ ಆಚಾರ ಅರಿಯದ ಸಂಸ್ಥೆಯ ಉದಾಹರಣೆ ಅದು. ಮಕ್ಕಳು ನಗುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಟ್ರಂಕಿನ ಮಾತನ್ನು ಮಾತ್ರ ಎಂದೂ ಎತ್ತಿರಲಿಲ್ಲ. ಪಾಠಕ್ಕೆ ಸಂಬಂಧವಿಲ್ಲವೆಂದೇ ಅಂದುಕೊಂಡಿದ್ದೆ. ಇವತ್ತು ಇದನ್ನು ಬರೆಯುತ್ತ ಕೂತಾಗ ತಿಳಿಯಿತು, ನಾವು ಮೂವರೂ ಆ ಮಳೆಗಾಲದಲ್ಲಿ ತಲೆ ಕೆಡಿಸಿಕೊಂಡದ್ದು ಆ ಟ್ರಂಕು ಊರಿಗೆ ಹೊರಡದಿರಲಿ ಎಂದೇ.

ಪೆನ್ನು ಕೆಳಗಿಟ್ಟು ವಡೋದರೆಗೆ ಫೋನ್ ಮಾಡಿದೆ. ಎತ್ತಿದವರು ಭಾವ. ಈಗ ಅವರಿಗೆ ಕಿವಿ ಮಂದ. ಅಕ್ಕ ಎಲ್ಲಿ ಎಂದು ಎರಡೆರಡು ಸಲ ಕೂಗಿ ಕೇಳಬೇಕಾಯಿತು.

“ಇಲ್ಲೇ, ಹತ್ರವೇ ಕೂತಿದ್ಲ್ ಮಾರಾಯ” ಎಂದರು. “ಮತ್ತೆ ಎಲ್ಲಿಗ್ ಹೋತ್ಲ್?”