ಮೊದಲ ಸಲ ಗಡ್ಡೆ, ಎರಡನೇ ಸಲ ಮೊಮ್ಮಗಳು

ಹೆಣ್ಣು ಕಣ್ರೀ, ಹೆಣ್ಣು! ತಲೆತುಂಬ ಕೂದಲು, ಅತ್ತರೆ ಊರಾಚೆಗೆ ಕೇಳುವಂಥ ಗಂಟಲು. ನನ್ನ ಮಗಳು ಮಂಜುಳಾಗೆ ಮಗುವಾಗಿದೆ, ನಾನು ಅಜ್ಜಿಯಾಗಿದ್ದೇನೆ. ಈ ವಾರದ ಅಂಕಣದಲ್ಲಿ ಬೇರೆ ವಿಷಯ ಬರೆಯುವುದಿಲ್ಲ. (ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಗೆ ಪೆನ್ನು ಕೊಟ್ಟ ಮೇಲೆ ಸಂಪಾದಕರು ಅನುಭವಿಸಲೇಬೇಕು.)

ಆದರೆ ಇದೇ ಹೊಟ್ಟೆ ಎರಡು ವರ್ಷದ ಹಿಂದೆ ನಮ್ಮನ್ನೆಲ್ಲ ಚೆನ್ನಾಗಿ ಏಮಾರಿಸಿತ್ತು.

ಆಗ ಮಂಜುಳಾ ಪಿರಿಯಾಪಟ್ಟಣದ ಗಂಡನ ಮನೆಯಿಂದ ಗೌರಿ ಹಬ್ಬಕ್ಕೆ ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು, ಹೊಟ್ಟೆ ಮುಂದೆ ಬಂದಿತ್ತು. ನೋಡಿದವಳೇ ನಾನು ಬಾಯಿ ಬಿಗಿಹಿಡಿದೆ. ನಮ್ಮ ಬೀದಿಯಲ್ಲಿ ಬಸುರಿಯನ್ನು ಅವಳಾಗಿ ಹೇಳುವ ತನಕ ಕೇಳಬಾರದು. ಕೇಳಿದರೆ ದೃಷ್ಟಿಯಂತೆ. ಕೇಳಬೇಡಿ, ಬಡಿಸಿ!

ನಾನು ಉಪ್ಪೆಸರು ಮಾಡಿದೆ. ಎದುರು ಮನೆಯವರು ಹುಣಸೆಹಣ್ಣಿನ ಚಿಗಳಿ ಕುಟ್ಟಿ ತಂದರು. ಪಕ್ಕದ ಮನೆಯಿಂದ ಉಪ್ಪಿನಕಾಯಿ ಬಂತು. ಯಾರೂ ಒಂದು ಮಾತು ಕೇಳಲಿಲ್ಲ, ಎಲ್ಲರೂ ಮುಸಿಮುಸಿ ನಕ್ಕರು.

ಮಂಜುಳಾ ಚಿಗಳಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟಳು.

“ಅವ್ವ, ಎಲ್ರೂ ಯಾಕಿಂಗೆ ತಿನ್ನುಸ್ತಾ ಇದ್ದೀರಿ? ನಾನೇನ್ ಬಸುರಿ ಅಲ್ಲ ಕಣವ್ವ. ತಿಂಗ್ಳಲ್ಲಿ ಅರ್ಧ ಮುಟ್ಟಲ್ಲೇ ಕಳೀತದೆ. ನಿಂತ್ರೆ ತಲೆ ತಿರುಗ್ತದೆ.”

ಬಡಿಸಲು ಕೈ ಬಂತು, ಕೇಳಲು ಬಾಯಿ ಬರಲಿಲ್ಲವಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ಮಾರನೇ ದಿನವೇ ಹುಣಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅಂದರು. ಅಂದರೆ ಗಡ್ಡೆ. ಜೊತೆಗೆ ಬಂದಿದ್ದ ನನ್ನ ಓರಗಿತ್ತಿ ಪುಟ್ಟತಾಯಮ್ಮ ಅಲ್ಲೇ ತೀರ್ಪು ಕೊಟ್ಟಳು: “ಕೋಶನೇ ತೆಗ್ಸಾಕ್ಬುಡು. ನಾನು ತೆಗ್ಸಿಲ್ವಾ? ಗುಂಡ್ಕಲ್ಲಂಗಿವ್ನಿ!”

ನಿಜ, ಗುಂಡುಕಲ್ಲೇ. ಆದರೆ ಅವಳು ತೆಗೆಸಿದ್ದು ಮೂರು ಮಕ್ಕಳಾದ ಮೇಲೆ. ನಮ್ಮ ಬೀದಿಯ ಹೆಂಗಸರು ಹುಳುಕು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಈ ಮಾತು ಆಡುತ್ತಾರೆ. ನನ್ನ ಮಗಳಿಗೆ ಇನ್ನೂ ಒಂದೂ ಆಗಿರಲಿಲ್ಲವಲ್ಲ! ಅವಳ ಅತ್ತೆ, ಬೀಗಿತ್ತಿ ಜಯಮ್ಮ, ಸುದ್ದಿ ಕೇಳಿ ಬಸ್ಸು ಹತ್ತಿ ಬಂದರು.

ಎಲ್ಲರೂ ಸೇರಿ ಮತ್ತೆ ಹುಣಸೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮಂಜುಳಾಳನ್ನು ಕೇಳಿದರು: “ಮಗು ಬೇಕು ಅಂತ ಆಸೆ ಇದೆಯಾ?”

“ಇಲ್ದೆ ಏನು?” ಜಯಮ್ಮ ಅಂದರು.

“ಅದೇ ಹರಕೆ ಹೊತ್ತಿವ್ನಿ,” ನಾನು ಅಂದೆ.

“ಜೀವ ಇದ್ರೆ ತಾನೆ ಮಗ? ತೆಗ್ದುಬುಡಿ,” ಪುಟ್ಟತಾಯಮ್ಮ ಅಂದಳು.

ಡಾಕ್ಟರಮ್ಮ ಕನ್ನಡಕ ತೆಗೆದರು. “ಗರ್ಭಕೋಶ ಯಾರದ್ದು?”

ಮಂಜುಳಾ ಸ್ಕೂಲಿನಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. “ನಂದು ಮೇಡಂ. ನಂಗೆ ಮಗು ಬೇಕು.”

ಆಮೇಲೆ ಅವರು ಬಿಡಿಸಿ ಹೇಳಿದರು. ಇದು ಗರ್ಭಕೋಶದ ಮಾಂಸದಲ್ಲೇ ಬೆಳೆಯುವ ಗಂಟು. ಕ್ಯಾನ್ಸರ್ ಅಲ್ಲ (ಹಾಗಾಗುವುದು ತೀರಾ ಅಪರೂಪವಂತೆ). ಎಷ್ಟೋ ಜನಕ್ಕೆ ಇರುವುದೇ ಗೊತ್ತಾಗುವುದಿಲ್ಲ. ತೊಂದರೆ ಕೊಡದಿದ್ದರೆ ಆಗಾಗ ತೋರಿಸಿಕೊಂಡಿದ್ದರೆ ಸಾಕು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ರಕ್ತ ಹೆಚ್ಚು ಹೋದರೆ ಮಾತ್ರೆಗಳಿವೆ. ಗಂಟು ಎಷ್ಟು ದೊಡ್ಡದು, ಎಲ್ಲಿದೆ, ಹೆಂಗಸಿನ ವಯಸ್ಸೆಷ್ಟು, ಅವಳಿಗೇನು ಬೇಕು, ಇಷ್ಟೂ ನೋಡಿ ದಾರಿ ಹಿಡಿಯಬೇಕು. ಎಲ್ಲದಕ್ಕೂ ಕೋಶ ತೆಗೆಯುವುದೇ ಮದ್ದಲ್ಲ.

“ನಿಮ್ಮ ಹುಡುಗಿಗೆ ಗಂಟು ಮಾತ್ರ ತೆಗೀಬಹುದು. ಮತ್ತೆ ಬರೋದೂ ಉಂಟು, ಮಗು ಆಗೇ ಆಗುತ್ತೆ ಅಂತ ಗ್ಯಾರಂಟಿನೂ ಕೊಡಲ್ಲ. ಮೊದಲು ರಕ್ತ ತುಂಬಿಕೊಳ್ಳಲಿ.”

ಕಬ್ಬಿಣಾಂಶದ ಮಾತ್ರೆ ನುಂಗಿ ಮಗಳ ಮುಖಕ್ಕೆ ಕಳೆ ಬಂತು. ಆಪರೇಷನ್ ಆಯಿತು, ಗಂಟು ಹೋಯಿತು, ಕೋಶ ಉಳಿಯಿತು. ಹೊಲಿಗೆ ಹಾಕಿದ ಜಾಗ ಗಟ್ಟಿಯಾಗುವ ತನಕ ಬಸುರಿಯಾಗಬೇಡ ಅಂದರು. ಕಾದಳು.

ಕಳೆದ ಬೇಸಿಗೆಯಲ್ಲಿ ಹೊಟ್ಟೆ ಮತ್ತೆ ಮುಂದೆ ಬಂತು. ಈ ಸಲ ಬೀದಿಯಲ್ಲಿ ಒಬ್ಬರೂ ಚಿಗಳಿ ಕುಟ್ಟಲಿಲ್ಲ! “ಅಯ್ಯೋ, ತಿರ್ಗಾ ಗಡ್ಡೆ ಬಂದದೆ ಕಣಕ್ಕ,” ಎಂದು ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಜುಳಾ ನಕ್ಕು, “ಚಿಕ್ಕವ್ವ, ಈ ಗಡ್ಡೆ ಒದೀತದೆ, ಮುಟ್ನೋಡು,” ಅಂದಳು. ಮುಟ್ಟಿ ನೋಡಿದ ಪುಟ್ಟತಾಯಮ್ಮ ಕೂಗಿದ್ದಕ್ಕೆ ಕೊಟ್ಟಿಗೆಯ ಎಮ್ಮೆ ಬೆದರಿತು.

ಹೋದ ವಾರ ಸಿಸೇರಿಯನ್ ಆಯಿತು. ಮೊನ್ನೆ ಮಗುವನ್ನು ಮನೆಗೆ ಕರೆತಂದೆವು. ಸಂಜೆ ಬೀಗರೆಲ್ಲ ಬಂದರು. ನಾಟಿ ಕೋಳಿ ಸಾರು, ಮುದ್ದೆ. ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು. ಹೆಂಗಸರು ಗಂಡಸರು ಎಲ್ಲ ಒಂದೇ ಪಂಕ್ತಿ. ಹೊಸದಾಗಿ ಬಂದ ಸೊಸೆ ಸವಿತಾ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳ ತಟ್ಟೆಗೆ ಸಾರು ಬಿಡುತ್ತಾ ಕೇಳಿಯೇಬಿಟ್ಟೆ:

“ಸವಿತಾ, ಮುಟ್ಟಾದಾಗ ನಿಂಗೆ ಜಾಸ್ತಿ ಹೋಯ್ತದೇನವ್ವ?”

ಅಳಿಯ ಗಟಗಟ ನೀರು ಕುಡಿದ. ಅವಳ ಗಂಡ, ನನ್ನ ಮಗ, ಮುದ್ದೆಯೊಳಗೆ ಏನೋ ಹುಡುಕತೊಡಗಿದ. ಕೊನೆಗೆ ನಮ್ಮ ಯಜಮಾನರೇ ಬಾಯಿಬಿಟ್ಟರು: “ನಿಮ್ಮತ್ತೆ ಕೇಳ್ತಾವ್ಳೆ, ಯೋಳವ್ವ. ನಾವು ಉಣ್ತಾ ಇರ್ತೀವಿ.”

ಸವಿತಾ ಹೇಳಿದಳು. ಯಾವ ಗಂಡಸಿನ ಗಂಟಲಲ್ಲೂ ಮುದ್ದೆ ಸಿಕ್ಕಿಕೊಳ್ಳಲಿಲ್ಲ.