ಬರ್ತೀನಿ ಎಂದ ನೇಪಾಳ

ಒಂದು ದಿನ ಆರು ಗಂಟೆಗಳ ಕಾಲ ನಾನು ನೇಪಾಳವಾಗಿದ್ದೆ. ಆರು ಎಂದು ಬರೆದ ಕೂಡಲೇ ಅನುಮಾನ ಬರುತ್ತಿದೆ. ನಡುವೆ ಊಟಕ್ಕೆ ಬಿಟ್ಟಿದ್ದರು. ಊಟದ ಹೊತ್ತಿನಲ್ಲೂ ನಾನು ನೇಪಾಳವೇ ಆಗಿದ್ದೆನೋ ಇಲ್ಲವೋ ಎಂಬುದೇ ಆಮೇಲೆ ದೊಡ್ಡ ತಕರಾರಾಯಿತು.

ಶಿವಮೊಗ್ಗದಲ್ಲಿ ಬಿ.ಎ. ಕೊನೆಯ ವರ್ಷ. ಮಾಸ್ಕುಗಳು ಮೂಗಿನಿಂದ ಗಲ್ಲಕ್ಕೆ ಇಳಿದಿದ್ದ ಕಾಲ. ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಒಂದು ಅಣಕು ಶೃಂಗಸಭೆ ಏರ್ಪಡಿಸಿದರು. ಒಬ್ಬೊಬ್ಬರು ಒಂದೊಂದು ದೇಶ. ಚೆನ್ನಾಗಿ ನಡೆಸಿಕೊಂಡ ನಾಲ್ವರನ್ನು ಧಾರವಾಡದ ಅಂತರ ಕಾಲೇಜು ಸ್ಪರ್ಧೆಗೆ ಮೂರು ದಿನ ಕರೆದುಕೊಂಡು ಹೋಗುವುದಾಗಿ ಹೇಳಿದ್ದರು. ನನಗೆ ಆ ಮೂರು ದಿನ ಬೇಕಿತ್ತು. ಧಾರವಾಡದ ಮೇಲಿನ ಪ್ರೀತಿಯಿಂದಲ್ಲ. ಇಪ್ಪತ್ತು ವರ್ಷವಾದರೂ ಭದ್ರಾವತಿಯ ನಮ್ಮ ಮನೆ, ಇಲ್ಲವೇ ಯಾರಾದರೂ ಸಂಬಂಧಿಕರ ಮನೆ ಬಿಟ್ಟು ನಾನು ಬೇರೆಲ್ಲೂ ಒಂದು ರಾತ್ರಿ ಕಳೆದವಳಲ್ಲ. ನನ್ನ ಪರಿಚಯವೇ ಇಲ್ಲದ ಊರಿನಲ್ಲಿ ಬೆಳಗ್ಗೆ ಎದ್ದು ಟೀ ಕುಡಿಯಬೇಕು. ಇಷ್ಟೇ ಆಸೆ.

ಅಬ್ಬನಿಗೆ ಹೇಳಿದೆ. ಮಾಚೇನಹಳ್ಳಿಯಲ್ಲಿ ಅವರದು ಎರಡು ಲೇತ್ ಮಷೀನಿನ ಸಣ್ಣ ಶೆಡ್ಡು. ನಮ್ಮ ಮನೆಮಾತು ದಖ್ಖನಿ. ಅವರು ಅಂದದ್ದನ್ನು ಕನ್ನಡಕ್ಕೆ ತರುವಾಗ ಸ್ವಲ್ಪ ಸೌಮ್ಯವಾಗುತ್ತದೆ.

"ಮೊದಲು ಆಯ್ಕೆ ಆಗು ಬೇಟಾ, ಆಮೇಲೆ ಮಾತಾಡೋಣ."

ಯಾವ ದೇಶ ಎಂದು ಕೇಳಿದರು. ನೇಪಾಳ ಅಂದೆ. ಮೇಷ್ಟ್ರು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದ್ದರು. ಎಲ್ಲರಿಗೂ ದೊಡ್ಡ ದೇಶವೇ ಬೇಕಿತ್ತು. ನೇಪಾಳದ ಚೀಟಿ ಬಿಚ್ಚಿದಾಗ ಹಿಂದಿನ ಬೆಂಚಿನವರು ಅಯ್ಯೋ ಪಾಪ ಎಂದಿದ್ದರು.

"ಅದಕ್ಕೆ ಅಕ್ಕಪಕ್ಕ ಯಾರಿದಾರೆ?" ಅಬ್ಬ ಕೇಳಿದರು.

"ಒಂದು ಕಡೆ ಚೀನಾ, ಉಳಿದ ಕಡೆಯೆಲ್ಲ ನಾವೇ. ಸಮುದ್ರ ಇಲ್ಲ."

"ಹಂಗಾದ್ರೆ ಅದು ನನ್ನ ಶೆಡ್ಡು," ಅಂದರು. ಅವರ ಶೆಡ್ಡಿನ ಆಚೀಚೆ ಎರಡು ದೊಡ್ಡ ಕಾರ್ಖಾನೆ. ಇಬ್ಬರೂ ಅವರಿಗೆ ಕೆಲಸ ಕೊಡುವವರು, ಇಬ್ಬರಿಗೂ ಪರಸ್ಪರ ಆಗುವುದಿಲ್ಲ. "ಇವರು ಕರೆದ್ರೂ ಹೋಗಿ ಟೀ ಕುಡಿ, ಅವರು ಕರೆದ್ರೂ ಹೋಗಿ ಕುಡಿ. ಕುಡಿದಿದ್ದಕ್ಕೆ ಎಲ್ಲೂ ಸಹಿ ಹಾಕಬೇಡ."

ವಿದೇಶಾಂಗ ನೀತಿಯ ಬಗ್ಗೆ ನಾನು ಓದಿದ್ದ ಎರಡು ಪುಸ್ತಕಗಳಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಆ ದಿನ ನಾನು ಹಸಿರು ಚೂಡಿದಾರ ಹಾಕಿದ್ದೆ ಎಂದು ಬರೆಯಲು ಹೊರಟೆ. ಫೋಟೋದಲ್ಲಿ ನೀಲಿ ಇದೆ. ನೀಲಿಯೇ ಇರಲಿ. ಮುಂದೆ ಬರುವ ಮಾತುಗಳಿಗೆ ಫೋಟೋ ಇಲ್ಲ, ಅದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಭಾರತವಾಗಿದ್ದವಳು ವಿದ್ಯಾನಗರದ ನನ್ನ ಗೆಳತಿ. ಮೂರು ವರ್ಷದಿಂದ ಒಂದೇ ಬೆಂಚು. ಚೀನಾ ಆಗಿದ್ದವನು ಭದ್ರಾವತಿ ನ್ಯೂ ಟೌನಿನ ನಮ್ಮ ಕ್ಲಾಸಿನ ಹುಡುಗ. ನಾನು ಹೋಗುವ ಬಸ್ಸಿನಲ್ಲೇ ಹಿಂದಿನ ಬಾಗಿಲಲ್ಲಿ ನಿಂತು ಬರುವವನು, ಮನೆಯಲ್ಲಿ ತಮಿಳು. ಮೇಷ್ಟ್ರು ಒಂದೊಂದು ದೇಶಕ್ಕೂ ಒಂದು ಹಾಳೆ ಕೊಟ್ಟಿದ್ದರು, ಮೇಲೆ 'ರಾಷ್ಟ್ರಹಿತ' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ನನ್ನ ಹಾಳೆಯಲ್ಲಿ ಇದ್ದದ್ದು ಮೂರು ಸಾಲು. ಉತ್ತರದಿಂದ ರೈಲು ತರಿಸಿಕೊಳ್ಳಬೇಕು, ದಕ್ಷಿಣಕ್ಕೆ ಕರೆಂಟು ಮಾರಬೇಕು, ಯಾರ ಗುಂಪಿಗೂ ಸೇರಬಾರದು. ಸಂಜೆಯೊಳಗೆ ಇದರಲ್ಲಿ ಎಷ್ಟು ಗಿಟ್ಟಿಸಿದೆ ಎಂಬುದರ ಮೇಲೆ ಅಂಕ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚೀನಾ ನನ್ನ ಎದುರು ಬಂದು ಕೂತ. ಕೈಯಲ್ಲಿ ಕರಡು ಒಪ್ಪಂದ. ರೈಲು ಕೊಡುತ್ತೇವೆ, ಆದರೆ ನಮ್ಮ ಕೂಟಕ್ಕೆ ಸೇರಬೇಕು. ಸೇರಿದವರು ನಮ್ಮನ್ನು ಕೇಳದೆ ಬೇರೆಯವರ ಜೊತೆ ವ್ಯಾಪಾರ ಮಾಡುವಂತಿಲ್ಲ. ಅಂದರೆ ಸೇರಿದರೆ ಕರೆಂಟು ಮಾರುವುದು ಮರೆತುಬಿಡಬೇಕು.

"ಏನ್ರೀ ನೇಪಾಳ, ನಮ್ಮ ಕೂಟಕ್ಕೆ ಬರ್ತೀರಾ?" ಎಂದು ಕೇಳಿದ.

ನಾನು ಏನೋ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾಗಿಲಲ್ಲಿ ನಿಂತು ಗೆಳತಿ, "ಎದ್ದು ಬಾರೇ ಮಾರಾಯ್ತಿ, ಜಾಗ ಸಿಗಲ್ಲ," ಎಂದು ಕರೆದಳು. ತಟ್ಟೆ ಎತ್ತಿಕೊಂಡು ಎದ್ದೆ. ಎದುರಿಗೆ ಒಬ್ಬರು ಕೂತಿರುವಾಗ ಸುಮ್ಮನೆ ಎದ್ದು ಹೋಗುವುದು ಹೇಗೆ? ಚಿಕ್ಕಂದಿನಿಂದ ಬಂದ ಅಭ್ಯಾಸ, ಬಾಯಿ ತಾನಾಗಿ ಹೇಳಿತು.

"ಬರ್ತೀನಿ."

ಸಭೆ ಶುರುವಾಯಿತು. ಚೀನಾ ಎದ್ದು ತನ್ನ ಜಂಟಿ ಹೇಳಿಕೆ ಓದಿದ. ಸೇರಿದ ದೇಶಗಳ ಹೆಸರುಗಳಲ್ಲಿ ನಾಲ್ಕನೆಯದು ನೇಪಾಳ. ನನ್ನ ಪಕ್ಕದಲ್ಲಿದ್ದ ಭಾರತ ನಿಧಾನವಾಗಿ ನನ್ನ ಕಡೆ ತಿರುಗಿತು.

"ಈಗ ತಾನೆ ನನ್ನ ಡಬ್ಬಿಯಿಂದ ಎರಡು ಪಡ್ಡು ತಿಂದ್ಯಲ್ಲೇ," ಎಂದಳು ಪಿಸುಮಾತಿನಲ್ಲಿ. ಆಮೇಲೆ ಎದ್ದು ನಿಂತು ಗಟ್ಟಿಯಾಗಿ, "ಅಧ್ಯಕ್ಷರೇ, ನೇಪಾಳದ ವಿದ್ಯುತ್ತನ್ನು ಖರೀದಿಸುವ ಪ್ರಸ್ತಾವವನ್ನು ಭಾರತ ಹಿಂತೆಗೆದುಕೊಳ್ಳುತ್ತದೆ," ಎಂದಳು.

ಧಾರವಾಡ ನನ್ನ ಕಣ್ಣೆದುರೇ ದೂರ ಸರಿಯಿತು.

"ನಾನು ಸೇರಿಲ್ಲ ಸರ್," ಅಂದೆ.

"ಬರ್ತೀನಿ ಅಂದ್ರು ಸರ್. ಐದು ಜನ ಕೇಳಿದಾರೆ," ಅಂದ ಚೀನಾ. ನಾಲ್ಕು ಜನ ಕೈ ಎತ್ತಿದರು.

"ಅದು ಹೊರಟಿದ್ದಕ್ಕೆ ಹೇಳಿದ್ದು ಸರ್. ಅದೂ ಊಟದ ಟೈಮಲ್ಲಿ. ಆಗ ನಾನು ನೇಪಾಳ ಅಲ್ಲ."

"ಪಡ್ಡು ತಿನ್ನೋವಾಗ ನೇಪಾಳ ಆಗಿದ್ಲು ಸರ್," ಎಂದಳು ಭಾರತ. "ನೇಪಾಳಕ್ಕೆ ಆಹಾರ ನೆರವು ಅಂತ ಹೇಳೇ ಇಸ್ಕೊಂಡಿದ್ದು."

ಸಭೆ ನಕ್ಕಿತು. ಮೇಷ್ಟ್ರು ಮಾತ್ರ ಬಹಳ ಗಂಭೀರವಾಗಿ ಕನ್ನಡಕ ಒರೆಸಿಕೊಂಡರು. ಆಮೇಲೆ ಚೀನಾದ ಕಡೆ ನೋಡಿದರು.

"ಏನಪ್ಪ ಚೀನಾ, ಬೆಳಗ್ಗೆ ಮನೆಯಿಂದ ಹೊರಡೋವಾಗ ನಿಮ್ಮಮ್ಮನಿಗೆ ಏನಂತೀಯ?"

"ನಮ್ಮನೇಲಿ ತಮಿಳು ಸರ್."

"ತಮಿಳಲ್ಲೇ ಹೇಳು."

ಅವನು ಪ್ರಾಮಾಣಿಕ ಹುಡುಗ. "ವರೇನ್ ಅಂತೀನಿ ಸರ್."

"ಹಂಗಂದ್ರೆ?"

"ಬರ್ತೀನಿ ಅಂತ."

"ಹೋಗ್ತೀನಿ ಅಂದ್ರೆ?"

"ಅಮ್ಮ ಬೈತಾರೆ ಸರ್. ಅಪಶಕುನ ಅಂತ."

ದಖ್ಖನಿಯಲ್ಲೂ ಹೀಗೆಯೇ ಎಂದು ನಾನು ಸೇರಿಸಿದೆ. ಯಾರೋ ತೆಲುಗಲ್ಲೂ ಅಂದರು. ನಮ್ಮ ಕಡೆ ಯಾವ ಭಾಷೆಯಲ್ಲೂ ಯಾರೂ ಹೋಗುವುದೇ ಇಲ್ಲ, ಎಲ್ಲರೂ ಬರುವವರೇ, ಹಾಗಾಗಿ ಇಲ್ಲಿ ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಬೇಕು ಎಂದು ಮೇಷ್ಟ್ರು ತೀರ್ಪು ಕೊಟ್ಟರು. ನೇಪಾಳದ ಹೆಸರು ಹೊಡೆದುಹಾಕಲು ಪೆನ್ನು ತೆರೆದರು.

ಇಲ್ಲಿಂದ ಮುಂದೆ ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲಲಾರೆ. ನನ್ನ ಪ್ರಕಾರ, ನಾನು ಎದ್ದು, "ಸರ್, ಹೆಸರು ಹೊಡೆಯೋಕೆ ಮುಂಚೆ ಐದು ನಿಮಿಷ ಕೊಡಿ," ಎಂದೆ. ಗೆಳತಿಯ ಪ್ರಕಾರ, ನಾನು ಸುಮ್ಮನೆ ಬೆವರುತ್ತಿದ್ದೆ, ಅವಳೇ ನನ್ನ ತೋಳು ಚಿವುಟಿ "ಐದು ನಿಮಿಷ ಕೇಳೇ" ಎಂದಳು. ಚೀನಾ ಈಗ ಶಿವಮೊಗ್ಗದಲ್ಲೇ ಒಂದು ಆಫೀಸಿನಲ್ಲಿದ್ದಾನೆ. ಮೊನ್ನೆ ಸಿಕ್ಕಾಗ, ಐದು ನಿಮಿಷ ಕೊಡೋಣವೇ ಎಂದು ಕೇಳಿದ್ದು ಮೇಷ್ಟ್ರೇ ಎಂದ. ಮೂವರೂ ಸುಳ್ಳು ಹೇಳುವವರಲ್ಲ. ಯಾರಾದರೂ ಒಬ್ಬರನ್ನು ಆರಿಸಿಕೊಂಡರೆ ಕತೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ಆರಿಸುವುದಿಲ್ಲ.

ಆ ಐದು ನಿಮಿಷದಲ್ಲಿ ಏನಾಯಿತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೆಸರು ಇನ್ನೂ ಹಾಳೆಯ ಮೇಲಿತ್ತು. ಇರುವಷ್ಟು ಹೊತ್ತು ಇಬ್ಬರಿಗೂ ನಾನು ಬೇಕಿತ್ತು. ಮೊದಲು ಭಾರತದ ಹತ್ತಿರ ಹೋದೆ.

"ಕರೆಂಟು ತಗೊಳ್ತೀಯಾ? ತಗೊಂಡ್ರೆ ಹೆಸರು ತೆಗೆಸ್ತೀನಿ."

"ಬೆದರಿಸ್ತಿದೀಯೇನೇ?"

"ಇಲ್ಲ ಕಣೆ. ನನ್ನ ಹಾಳೇಲಿ ಬರೆದಿದೆ, ಅದಕ್ಕೆ ಕೇಳ್ತಿದೀನಿ."

ಅವಳು ತನ್ನ ಹಾಳೆ ತೆಗೆದು ನೋಡಿದಳು. ಅದರಲ್ಲಿ, ನೆರೆಯವರು ಬೇರೆ ಕೂಟ ಸೇರದಂತೆ ನೋಡಿಕೊಳ್ಳುವುದು ಎಂದಿತ್ತು. ತಗೊಳ್ತೀನಿ ಅಂದಳು, ಬರೆದೂ ಕೊಟ್ಟಳು. ಆ ಚೀಟಿ ಹಿಡಿದುಕೊಂಡು ಚೀನಾದ ಹತ್ತಿರ ಹೋದೆ. ಕೂಟಕ್ಕೆ ನಾನು ಬರುವುದಿಲ್ಲ, ಆದರೆ ರೈಲು ಬಂದರೆ ನಿಮ್ಮ ಸರಕಿಗೂ ದಾರಿ, ಆ ಷರತ್ತೊಂದು ಬಿಟ್ಟರೆ ಈಗಲೇ ಸಹಿ ಅಂದೆ. ಅಷ್ಟು ನಗೆಪಾಟಲಾದ ಮೇಲೆ ಬರಿಗೈಯಲ್ಲಿ ಕೂರಲು ಅವನಿಗೂ ಇಷ್ಟವಿರಲಿಲ್ಲ. ರೈಲು ಬಂತು. ಎರಡೂ ಕಡೆ ಸಹಿ ಹಾಕಿದೆ.

ಸಂಜೆ ಅಂಕ ಕೂಡಿದರು. ಮೊದಲ ಮೂವರು ಖಚಿತವಾದರು, ಅದರಲ್ಲಿ ಚೀನಾ ಒಬ್ಬ. ನಾಲ್ಕನೆಯ ಜಾಗಕ್ಕೆ ನಾನು ಮತ್ತು ಗೆಳತಿ ಸಮ. ಮೇಷ್ಟ್ರು ಹಾಳೆ ಮಡಚಿ, "ನೀವಿಬ್ಬರೇ ಮಾತಾಡ್ಕೊಂಡು ಹೇಳಿ. ಇದೂ ಒಂದು ಶೃಂಗಸಭೆ ಅಂತ ತಿಳ್ಕೊಳ್ಳಿ," ಎಂದು ಟೀಗೆ ಹೋದರು.

ನಾವಿಬ್ಬರೇ ಮೆಟ್ಟಿಲ ಮೇಲೆ ಕೂತೆವು. ನನಗೆ ನಾಲಗೆಯ ತುದಿಯಲ್ಲಿ ಯಾವಾಗಲೂ ಸಿದ್ಧವಾಗಿರುವ ಇನ್ನೊಂದು ಮಾತಿದೆ: ಪರವಾಗಿಲ್ಲ, ನೀನು ಹೋಗು. ಮದುವೆಗೆ ಹೊರಟ ಬಸ್ಸಿನ ಕಿಟಕಿ ಪಕ್ಕದ ಸೀಟಿನಿಂದ ಹಿಡಿದು ಲೈಬ್ರರಿಯ ಕೊನೆಯ ಪುಸ್ತಕದವರೆಗೆ ಎಲ್ಲದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಬೆಳಗ್ಗೆಯಿಂದ ಒಂದು ದೇಶದ ಪರವಾಗಿ ಬೇಕು ಬೇಕು ಎಂದಿದ್ದಕ್ಕೋ ಏನೋ, ಆ ಮಾತು ಹೊರಡಲಿಲ್ಲ.

"ನಂಗೆ ಹೋಗ್ಬೇಕು," ಅಂದೆ.

ಅವಳು ನನ್ನ ಮುಖ ನೋಡಿದಳು. "ನಂಗೂ."

"ಗೊತ್ತು. ಆದ್ರೂ ನಂಗೆ ಹೋಗ್ಬೇಕು."

ಅವಳು ಮುನಿಸಿಕೊಂಡಳು ಎಂದೇ ನಾನು ತಿಳಿದೆ. ಅವಳು ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ತೆಗೆದು, ಕೊನೆಗೆ ಬಾಯಿಬಿಟ್ಟಳು.

"ಧಾರವಾಡದಲ್ಲಿ ನಮ್ಮತ್ತೆ ಮನೆ ಇದೆ, ವರ್ಷಕ್ಕೆರಡು ಸಲ ಹೋಗ್ತೀನಿ. ಆದ್ರೆ ಸುಮ್ನೆ ಬಿಟ್ಕೊಡಲ್ಲ. ಈ ಸೆಮಿಸ್ಟರಿನ ಎಕನಾಮಿಕ್ಸ್ ನೋಟ್ಸ್ ಪೂರ್ತಿ ನೀನೇ ಬರ್ದ್ಕೊಡ್ಬೇಕು. ಜೆರಾಕ್ಸ್ ಅಲ್ಲ, ಕೈಬರಹ."

"ಪೂರ್ತಿನಾ?"

"ಡಯಾಗ್ರಮ್ ಸಮೇತ."

ಅದು ಬಹಳ ದುಬಾರಿ ಒಪ್ಪಂದವಾಗಿತ್ತು, ಬೇಡಿಕೆ ರೇಖೆಗಳನ್ನು ಬರೆದೂ ಬರೆದೂ ಬೆರಳು ಬಾತುಕೊಂಡವು. ಆದರೆ ಆ ಸಂಜೆ ನಾನು ಒಪ್ಪಿ, ನೋಟ್ ಪುಸ್ತಕದ ಹಾಳೆ ಹರಿದು, ದಿನಾಂಕ ಹಾಕಿ ಬರೆದುಕೊಟ್ಟೆ.

ಮನೆಗೆ ಬಂದಾಗ ಅಬ್ಬ ಹಿತ್ತಲಲ್ಲಿ ಸೀಮೆಎಣ್ಣೆ ಬಟ್ಟೆಯಿಂದ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದರು. ಆಯ್ಕೆಯಾದೆ ಅಂದೆ.

"ಶಹಬಾಶ್. ನೇಪಾಳಕ್ಕೆ ಏನು ಸಿಕ್ತು?"

"ರೈಲು, ಕರೆಂಟು, ಎರಡೂ."

"ನಿನಗೆ?"

"ಮೂರು ದಿನ ಧಾರವಾಡ."

ಅವರು ಒಂದೊಂದೇ ಬೆರಳು ಒರೆಸಿದರು. "ಎರಡು ದಿನ ಸಾಕಾಗಲ್ವಾ?"

"ಮೂರು," ಅಂದೆ.

"ರಾತ್ರಿ ಫೋನ್ ಮಾಡ್ಬೇಕು."

"ಮಾಡ್ತೀನಿ. ಒಂದು ಸಲ."

"ಎರಡು ಸಲ. ಬೆಳಗ್ಗೆ ಒಂದು."

ಅಮ್ಮ ಅಡುಗೆಮನೆಯಿಂದ, "ಅವಳು ಒಂದು ಅಂದ್ಲಲ್ಲ, ಬಿಡಿ ಅತ್ಲಾಗೆ," ಅಂದರು. ಅಮ್ಮ ಯಾರ ಕೂಟದಲ್ಲಿದ್ದಾರೆಂದು ನನಗೂ ಅಬ್ಬನಿಗೂ ಆಗಲೇ ಗೊತ್ತಾದದ್ದು. ಅಬ್ಬ ಬಟ್ಟೆಯನ್ನು ತಂತಿಯ ಮೇಲೆ ಹಾಕಿ, ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಲು ಸ್ಟೂಲು ಹುಡುಕುತ್ತ ಒಳಗೆ ಹೋದರು.