ಎರಡು ಕುರಿ ತೂಕದ ಔಷಧಿ

‘ನಮ್ಮಾಕೆ ಎರಡು ಕುರಿ ತೂಕ ಬರ್ತಾಳೆ. ಅದ್ಕೇ ಎರಡು ಕುರಿ ಔಷ್ದಿ ಚುಚ್ಚಿದೀನಿ.’

ಜೋಕ್ ಅಂದುಕೊಂಡು ನಕ್ಕುಬಿಟ್ಟೆ. ಈರಣ್ಣ ನಗಲಿಲ್ಲ.

ಕಳೆದ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. (ಅವತ್ತಿನ ಡೈರಿಯಲ್ಲಿ ಇಷ್ಟು ಬರೆದು ಪೆನ್ನು ನಿಂತಿದೆ.) ಜವನಗೊಂಡನಹಳ್ಳಿ ಹತ್ತಿರ ನಮ್ಮ ಮಾವನ ತೋಟದಲ್ಲಿ ಗೊಬ್ಬರಕ್ಕೆಂದು ಈರಣ್ಣನ ಕುರಿಮಂದೆ ಬೀಡುಬಿಟ್ಟಿತ್ತು. ಅವನ ಹೆಂಡತಿ ಕರಿಯಮ್ಮ ತೆಂಗಿನ ಬುಡದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು. ಜಾಲಿಮುಳ್ಳು ತುಳಿದ ಕಾಲು ಮೊಣಕಾಲಿನವರೆಗೂ ಬಾತು ಕಪ್ಪಾಗಿತ್ತು. ಪಕ್ಕದಲ್ಲೇ ಸಿರಿಂಜು. (ಕುರಿಗಳಿಗೆ ಚುಚ್ಚುವುದೇ. ತೊಳೆದಿದ್ದನಂತೆ!)

‘ಅಣ್ಣಾ, ಕುರಿ ಇಂಜೆಕ್ಷನ್ ಮನುಷ್ಯರಿಗೆ ಕೊಡ್ತಾರಾ?’

‘ಕುರಿ ಕಾಲು ಬಾತ್ರೆ ಇದ್ರಲ್ಲೇ ಇಳೀತೈತೆ ಕಣಪ್ಪ. ಇವಳದೇನು ಬೇರೆ ಕಾಲಾ?’

‘ಸರ್ಕಾರಿ ಆಸ್ಪತ್ರೆ ಫ್ರೀ ಅಲ್ವಾ?’

‘ಡಾಕ್ಟ್ರು ಫ್ರೀ. ಹಿರಿಯೂರು ತನಕ ಆಟೋ ಫ್ರೀನಾ? ಅಡ್ಮಿಟ್ ಅಂದ್ರೆ ಮಂದೆ ನೀನ್ ಕಾಯ್ತೀಯಾ?’

ಕಂಬಳಿಯೊಳಗಿಂದ ಕರಿಯಮ್ಮ ಗೊಣಗಿದರು: ‘ಅವ್ನು ಪ್ಯಾಂಟ್ ಹಾಕ್ಕಂಡವ್ನೆ. ಕುರಿ ಬೆದರ್ತಾವೆ, ಬಿಡು.’

ಮಾವನನ್ನು ಕೂಗಿ ಕರೆದೆ.

ಕೊನೆಗೆ ಮಾವ ಮಂದೆ ಕಾಯಲು ನಿಂತರು. ಅವರ ಕಾರಿನಲ್ಲಿ ಕರಿಯಮ್ಮನನ್ನು ಮಲಗಿಸಿಕೊಂಡು ನಾನೂ ಈರಣ್ಣನೂ ಹೊರಟೆವು. ಹೆದ್ದಾರಿಯಲ್ಲಿ ಮೊದಲು ಸಿಕ್ಕ ಖಾಸಗಿ ಆಸ್ಪತ್ರೆಗೇ ನುಗ್ಗಿದೆವು. ಡಾಕ್ಟರ್ ಕಾಲು ನೋಡಿದರು, ಸಿರಿಂಜಿನ ಕಥೆ ಕೇಳಿದರು, ಕನ್ನಡಕ ತೆಗೆದು ಹೇಳಿದರು: ‘ಸಂಜೆ ತನಕ ಬಿಟ್ಟಿದ್ರೆ ಕಾಲು ತೆಗೀಬೇಕಿತ್ತು. ಈಗಲೇ ಆಪರೇಷನ್.’ (ಕಾಲು ಉಳಿದಿದೆ. ನಡೆಯಲು ಇನ್ನೂ ಆಗುತ್ತಿಲ್ಲ.)

ನಾನು ಬೆಚ್ಚಿದ್ದು ಇದಕ್ಕಲ್ಲ. ಕರಿಯಮ್ಮನನ್ನು ಸ್ಟ್ರೆಚರ್ ಮೇಲೆ ಒಳಗೆ ಒಯ್ಯುವಾಗ ಕೌಂಟರಿನ ಹುಡುಗಿ ಕೇಳಿದಳು:

‘ಇನ್ಶೂರೆನ್ಸ್ ಇದೆಯಾ?’

ಈರಣ್ಣನ ಮುಖ ಅರಳಿತು. ‘ಐತಮ್ಮ! ಎಲ್ಲಾವುಕ್ಕೂ ಮಾಡ್ಸೀನಿ. ಕಿವಿಗೆ ಓಲೆ ಹಾಕ್ಸೀನಿ, ನೋಡ್ರಿ ಬೇಕಾದ್ರೆ.’

ವಿಮೆ ಮಾಡಿಸಿದ ಕುರಿಯ ಕಿವಿಗೆ ಹೊಡೆಯುವ ನಂಬರಿನ ಬಿಲ್ಲೆಗೆ ಕುರಿ ಕಾಯುವವರು ಓಲೆ ಎನ್ನುತ್ತಾರೆ. ಪಾಪ, ಆ ಹುಡುಗಿಗೇನು ಗೊತ್ತು? ಬಗ್ಗಿ ಕರಿಯಮ್ಮನ ಕಿವಿ ನೋಡಿದಳು. ಚಿನ್ನವಿರಬೇಕಾದ ತೂತಿನಲ್ಲಿ ಒಂದು ಕಡ್ಡಿಚೂರು ಇತ್ತು.

ಜ್ವರದಲ್ಲೂ ಕರಿಯಮ್ಮ ಗದರಿದರು: ‘ಲೇ, ಅವಮ್ಮ ಕೇಳ್ತಿರೋದು ನನ್ನ. ಕುರೀನಲ್ಲ.’

ಈರಣ್ಣ ಹೆಂಡತಿಯತ್ತ ತಿರುಗಿ, ನಿಜಕ್ಕೂ ಆಶ್ಚರ್ಯಪಟ್ಟು ಕೇಳಿದ: ‘ಮನುಷ್ಯರಿಗೂ ಮಾಡ್ತಾರಾ?’